ಪಾವಣೆ ಅಕರಾ

ಕಾತ್ರಜದಲ್ಲಿ ಸಾತಾರೆ ಕಡೆಯ ಬಸ್ಸುಗಳು ನಿಲ್ಲುವ ಜಾಗದಿಂದ ಎರಡು ಗಲ್ಲಿ ಒಳಗೆ ಹೋದರೆ ಬಸವಲಿಂಗನ ಗ್ಯಾರೇಜು. ಬೋರ್ಡು ಮರಾಠಿಯಲ್ಲಿದೆ, ಒಳಗಿನ ಬೈಗುಳ ಕನ್ನಡದಲ್ಲಿ. ಜೋರಾಗಿ ಓಡಿಸುವ ಹುಚ್ಚು ಹಿಡಿದವರ ಗಾಡಿಗಳ ಇಂಜಿನ್ ಬಿಚ್ಚಿ, ಇನ್ನಷ್ಟು ಜೋರು ಮಾಡಿ ಮತ್ತೆ ಕಟ್ಟಿ ಕೊಡುವುದು ಅವನ ಕಸುಬು. ಇಪ್ಪತ್ತೆಂಟು ವರ್ಷದಿಂದ ಪುಣೆಯಲ್ಲಿದ್ದು ಕಲಿತ ಅವನ ಮರಾಠಿ ಇಸ್ತ್ರಿ ಮಾಡಿದ ಅಂಗಿಯ ಹಾಗೆ. ಗಿರಾಕಿ ಬಂದರೆ ತೊಡುತ್ತಾನೆ. ಗಿರಾಕಿ ಹೋದ ಮೇಲೆ ಅಂಗಿ ಗೂಟಕ್ಕೆ, ಮೈಮೇಲೆ ಕನ್ನಡದ ಬನಿಯನ್ನು.

ಸ್ನೇಹಲ್ ಜಗತಾಪಳ ಜೊತೆ ಆಡಿದ ಮಾತೆಲ್ಲ ಆ ಮರಾಠಿಯಲ್ಲೇ. ಮೂವತ್ತರ ಆಸುಪಾಸಿನ ಹುಡುಗಿ, ಹಿಂಜವಾಡಿಯ ಕಂಪನಿಯೊಂದರಲ್ಲಿ ಕೆಲಸ. ಅವಳ ಹತ್ತಿರ ಇದ್ದದ್ದು ಇಪ್ಪತ್ತು ವರ್ಷ ಹಳೆಯ, ಎರಡೇ ಬಾಗಿಲಿನ ಕೆಂಪು ಜಪಾನಿ ಗಾಡಿ. ವಾರವೆಲ್ಲ ಅದರಲ್ಲೇ ಆಫೀಸು. ವರ್ಷಕ್ಕೆ ಎರಡು ಸಲ ಅದನ್ನೇ ಕೊಲ್ಹಾಪುರದ ಟ್ರ್ಯಾಕಿಗೆ ಒಯ್ದು ಸ್ಪರ್ಧೆಗೆ ನಿಲ್ಲುತ್ತಾಳೆ. ಇಂಜಿನ್ ಬಿಚ್ಚಿ ಬೆಂಚಿನ ಮೇಲೆ ಹರಡಿದ್ದಾಗ ಅವಳೇ ಕೇಳಿದಳು:

"ಕಾಕಾ, ಕಂಪ್ರೆಶನ್ ಎಷ್ಟು ಇಡೋಣ? ಹನ್ನೆರಡು ಇಡಿ. ಇಂಟರ್ನೆಟ್ಟಿನಲ್ಲಿ ಎಲ್ಲರೂ ಹನ್ನೆರಡು ಅಂತಾರೆ."

"ಇಂಟರ್ನೆಟ್ಟಿಗೆ ಹಿಂಜವಾಡಿಯ ಸಿಗ್ನಲ್ ಗೊತ್ತಿಲ್ಲ ಮ್ಯಾಡಂ," ಎಂದ ಬಸವಲಿಂಗ. ಈ ವಿಷಯ ಬಂದರೆ ಅವನಿಗೆ ಚಹಾ ಆರಿದ್ದೂ ಗೊತ್ತಾಗುವುದಿಲ್ಲ. "ಒಂದು ಚಾಳಿನಲ್ಲಿ ಹನ್ನೆರಡು ಖೋಲಿ ಇವೆ ಅಂದುಕೊಳ್ಳಿ. ಹನ್ನೆರಡೂ ಖೋಲಿಯ ಮಂದಿಯನ್ನು ಒಂದೇ ಖೋಲಿಯೊಳಗೆ ನೂಕಿ ಬಾಗಿಲು ಹಾಕಿದರೆ ಹನ್ನೆರಡರ ಕಂಪ್ರೆಶನ್. ಅಲ್ಲಿ ಕಿಡಿ ಹಾಕಿದರೆ ಎಲ್ಲರೂ ಒಮ್ಮೆಗೇ ಬಾಗಿಲು ಒದೆಯುತ್ತಾರೆ, ಗಾಡಿ ಹಾರುತ್ತದೆ. ಹಾರಲಿ, ಸಂತೋಷ. ಆದರೆ ಸೆಕೆ ಏರಿದಾಗ ಏನಾಗುತ್ತದೆ? ಕಿಡಿ ಬೀಳುವ ಮೊದಲೇ ಒಳಗೆ ಯಾರೋ ಇಬ್ಬರಿಗೆ ಜಗಳ ಹತ್ತುತ್ತದೆ. ಡಬ್ಬಿಯಲ್ಲಿ ಹರಳು ಅಲ್ಲಾಡಿಸಿದ ಹಾಗೆ ಸಪ್ಪಳ. ಅದೇ ನಾಕಿಂಗ್. ಆ ಜಗಳ ನಾಲ್ಕು ದಿನ ನಡೆಯಿತು ಅಂದರೆ ಪಿಸ್ಟನ್ನಿನ ನೆತ್ತಿ ತೂತು."

"ಕೊಲ್ಹಾಪುರದಲ್ಲಿ ಅಷ್ಟು ಸೆಕೆ ಆಗೋದಿಲ್ಲ ಕಾಕಾ. ಗಾಡಿ ಓಡ್ತಾನೇ ಇರುತ್ತದೆ, ಗಾಳಿ ಸಿಗುತ್ತದೆ."

"ಕೊಲ್ಹಾಪುರ ಎರಡು ದಿನ. ಉಳಿದ ದಿನ ಇದು ನಿಲ್ಲುವುದು ಎಲ್ಲಿ? ಕಂಪನಿ ಬಸ್ಸುಗಳ ನಡುವೆ. ನಾನು ಕಟ್ಟಿದ ಇಂಜಿನ್ನಿಗೆ ಒಂದೇ ಪರೀಕ್ಷೆ: ಏಪ್ರಿಲ್ ತಿಂಗಳ ಸಂಜೆ ಐದಕ್ಕೆ ಹಿಂಜವಾಡಿ. ಅಲ್ಲಿ ಪಾಸಾದರೆ ಎಲ್ಲಾ ಕಡೆ ಪಾಸು."

ಸ್ನೇಹಲ್ ನಕ್ಕಳು. ಆಮೇಲೆ ಲ್ಯಾಪ್‌ಟಾಪು ತೆಗೆದು, ಅವಳ ಲೆಕ್ಕ ಅವಳು, ಅವನ ಲೆಕ್ಕ ಅವನು ಮಾಡಿ, ಪೆಟ್ರೋಲು ಯಾವುದು ಸಿಗುತ್ತದೆ, ಎಲ್ಲಿ ಸಿಗುತ್ತದೆ ಎಂದೆಲ್ಲ ವಾದ ಹಾಕಿ, ಕೊನೆಗೆ ಇಬ್ಬರೂ ಒಂದು ಅಂಕಿಗೆ ಬಂದರು. ಹತ್ತೂಮುಕ್ಕಾಲು. ಹೊಸ ಪಿಸ್ಟನ್ ಹಾಕಿದ ಮೇಲೆ ಅದಾಗಲೇ ಹತ್ತನ್ನು ದಾಟಿತ್ತು. ಉಳಿದದ್ದಕ್ಕೆ ಇಂಜಿನ್ನಿನ ಮೇಲಿನ ಮುಚ್ಚಳ, ಅಂದರೆ ಹೆಡ್ಡನ್ನು, ಅಡಿಯಿಂದ ಚೂರು ಕೆರೆದು ತೆಳ್ಳಗೆ ಮಾಡಬೇಕು. ಮಿಲಿಮೀಟರಿನ ಮೂರನೇ ಒಂದು ಪಾಲು, ಅಷ್ಟೇ. ಆ ಕೆಲಸ ಸಿದ್ರಾಮಪ್ಪ ಮಾವನದು.

ಸಿದ್ರಾಮಪ್ಪ ಬಸವಲಿಂಗನಿಗೆ ಸೋದರಮಾವನೂ ಹೌದು, ಹೆಣ್ಣು ಕೊಟ್ಟ ಮಾವನೂ ಹೌದು. ಅರವತ್ತೆಂಟು ವರ್ಷ. ಆಂಬೇಗಾವ ಕಡೆ ಒಂದು ಶೆಡ್ಡಿನಲ್ಲಿ ಹೆಡ್ಡು ಕೆರೆಯುವ ಮಷಿನ್ನು, ಒಂದು ಹಳೇ ಲೇಥು, ಇವೆರಡರ ನಡುವೆ ಅವನ ಬದುಕು. ಅವನದು ಎರಡು ಪದ್ಧತಿ. ಒಂದು, ಹೇಳಿದ ಅಂಕಿಯನ್ನು ಮರಳಿ ಹೇಳಿಯೇ ಮಷಿನ್ನಿಗೆ ಕೈ ಹಚ್ಚುವುದು. ಎರಡು, ಬೆಳಿಗ್ಗೆ ಹಚ್ಚಿದ ಮಷಿನ್ನನ್ನು ಸಂಜೆಯ ತನಕ ಆರಿಸದಿರುವುದು. ಫೋನು ಬಂದರೆ ಗುಂಯ್ ಎನ್ನುವ ಸದ್ದಿನೊಳಗೇ ಮಾತು. "ಆರಿಸೂದು ಒಂದ ಸಲ," ಎನ್ನುತ್ತಿದ್ದ. "ನಾ ಮಾಡಿದ ಹೆಡ್ ಒಂದು ತಪ್ಪಾಗಿ ತಿರುಗಿ ಬರ್ಲಿ, ಅವತ್ತ ಸ್ವಿಚ್ ಆರಿಸಿ ನಮ್ಮೂರ ಇಂಡಿ ಬಸ್ ಹತ್ತತೀನಿ." ನಲವತ್ತು ವರ್ಷದಲ್ಲಿ ಒಂದೂ ತಿರುಗಿ ಬಂದಿರಲಿಲ್ಲ.

ಅವರಿಬ್ಬರ ನಡುವಿನ ಅಂಕಿಗಳು ಯಾವಾಗಲೂ ಕನ್ನಡದಲ್ಲೇ ಓಡಾಡಿದವು. ಹತ್ತೂಕಾಲು, ಹತ್ತೂವರೆ, ಹತ್ತೂಮುಕ್ಕಾಲು. ಮೊದಲು ದೊಡ್ಡ ಅಂಕಿ, ಅದಕ್ಕೆ ಚೂರು ಸೇರಿಸುವುದು. ಆದರೆ ಆ ದಿನ ಬಸವಲಿಂಗ ಫೋನು ಹಚ್ಚಿದಾಗ ಸ್ನೇಹಲ್ ಪಕ್ಕದಲ್ಲೇ ಇದ್ದಳು. ಹಿಂದಿನ ವಾರ ಅವನು ಮಾವನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದಾಗ, "ಏನು ಕಾಕಾ, ನನ್ನ ಇಂಜಿನ್ನಿನ ಮೇಲೆ ಗುಟ್ಟುಗುಟ್ಟಾಗಿ ಏನು ನಡೆದಿದೆ?" ಎಂದು ಚೇಷ್ಟೆ ಮಾಡಿದ್ದಳು. ಚೇಷ್ಟೆಯೇ, ಆದರೂ ಅವನಿಗೆ ಅದು ಒಳಗೆಲ್ಲೋ ಚುಚ್ಚಿಕೊಂಡಿತ್ತು. ಹಾಗಾಗಿ ಆ ದಿನ ಇಸ್ತ್ರಿ ಅಂಗಿಯಲ್ಲೇ ಮಾತಾಡಿದ.

"ಮಾಮಾ, ಆ ಹೆಡ್ಡು. ಪಾವಣೆ ಅಕರಾ."

ಪಾವಣೆ ಅಕರಾ ಎಂದರೆ ಹನ್ನೊಂದಕ್ಕೆ ಕಾಲು ಕಡಿಮೆ, ನಮ್ಮ ಹತ್ತೂಮುಕ್ಕಾಲೇ. ಆ ಕಡೆ ಮಷಿನ್ನು ಗುಂಯ್ ಅನ್ನುತ್ತಿತ್ತು. ಮಾವ ಪದ್ಧತಿಯಂತೆ ಏನೋ ಮರಳಿ ಕೇಳಿದ. ಅದೇ ಗಳಿಗೆಗೆ ಸ್ನೇಹಲ್ ಮೊಬೈಲು ಮುಂದೆ ಹಿಡಿದು, "ಕಾಕಾ, ಮೇಲಿನ ಕವರಿಗೆ ಈ ನೀಲಿ ಬಣ್ಣ ಚೆನ್ನಾಗಿರುತ್ತದಲ್ಲ?" ಎಂದಳು.

"ಹೋ, ಹೋ," ಎಂದ ಬಸವಲಿಂಗ. 'ಹೋ' ಅಂದರೆ ಮರಾಠಿಯ ಹೌದು. ಒಂದು 'ಹೋ' ಅವಳಿಗೆ, ಒಂದು ಮಾವನಿಗೆ. ಫೋನು ಇಟ್ಟ.

ನಾಲ್ಕನೇ ದಿನ ಹೆಡ್ಡು ಹಳೇ ಧೋತರದಲ್ಲಿ ಸುತ್ತಿಕೊಂಡು ಬಂತು. ಮೈ ಕನ್ನಡಿಯಂತಿತ್ತು. ಬಸವಲಿಂಗ ಅದನ್ನು ತಲೆಕೆಳಗು ಮಲಗಿಸಿ, ಒಳಗಿನ ನಾಲ್ಕು ತಗ್ಗುಗಳಲ್ಲಿ ಮೊದಲನೆಯದರ ಮೇಲೆ ಗ್ರೀಸು ಹಚ್ಚಿದ ಪಾರದರ್ಶಕ ಪ್ಲಾಸ್ಟಿಕ್ ಹಲಗೆ ಮುಚ್ಚಿ, ಸಣ್ಣ ತೂತಿನಿಂದ ಸಿರಿಂಜಿನಲ್ಲಿ ಸೀಮೆಎಣ್ಣೆ ಬಿಡತೊಡಗಿದ. ತಗ್ಗು ತುಂಬಲು ಎಷ್ಟು ಎಣ್ಣೆ ಹಿಡಿಯಿತು ಎಂದು ನೋಡಿದರೆ ಲೆಕ್ಕ ಸಿಗುತ್ತದೆ. ಸಿರಿಂಜಿನಲ್ಲಿ ಇನ್ನೂ ಎಣ್ಣೆ ಉಳಿದಿರುವಾಗಲೇ ತಗ್ಗು ತುಂಬಿಹೋಯಿತು.

ಒರೆಸಿ ಮತ್ತೆ ಅಳೆದ. ಎರಡನೆಯದನ್ನು ಅಳೆದ, ಮೂರನೆಯದನ್ನು, ನಾಲ್ಕನೆಯದನ್ನು. ಎಲ್ಲದರಲ್ಲೂ ನಾಲ್ಕು ಸಿಸಿ ಕಡಿಮೆ. ಲೆಕ್ಕ ಹಾಕಿದರೆ ಬಂದದ್ದು ಹನ್ನೊಂದೂಮುಕ್ಕಾಲು. ಸರಿಯಾಗಿ ಒಂದು ಹೆಚ್ಚು. ಮಾವನ ಕೈ ತಪ್ಪಿದ್ದರೆ ಹೀಗೆ ಅಳತೆ ಮಾಡಿದ ಹಾಗೆ ತಪ್ಪುತ್ತಿರಲಿಲ್ಲ. ಕೈ ತಪ್ಪಿಲ್ಲ, ಕಿವಿ ತಪ್ಪಿದೆ. ಗಡಿಯಾರ ತೋರಿಸಿ ಪಾವಣೆ ಅಕರಾ ಅಂದಿದ್ದರೆ ಮಾವ ನಿದ್ದೆಯಲ್ಲೂ ಹತ್ತೂಮುಕ್ಕಾಲು ಎನ್ನುತ್ತಿದ್ದ. ಮಷಿನ್ನಿನ ಮುಂದೆ ಅವನ ತಲೆ ನಡೆಯುವುದು ಕನ್ನಡದಲ್ಲಿ. ಅಕರಾ, ಹನ್ನೊಂದು. ಪಾವಣೆ, ಮುಕ್ಕಾಲು. ನಲವತ್ತು ವರ್ಷದ ಅಭ್ಯಾಸದಂತೆ ಎರಡನ್ನೂ ಕೂಡಿಸಿದ್ದಾನೆ.

ಸಂಜೆ ಆಂಬೇಗಾವಕ್ಕೆ ಹೋದ. ಮಾವ ಕಣ್ಣಿಗೆ ಕನ್ನಡಕ, ಅದರ ಮೇಲೆ ಇನ್ನೊಂದು ಕನ್ನಡಕ ಏರಿಸಿ ಮಷಿನ್ನಿನ ಮುಂದೆ ಬಗ್ಗಿದ್ದ.

"ಮಾವಾ, ಆ ಕೆಂಪು ಗಾಡಿ ಹೆಡ್ ಎಷ್ಟಕ್ಕ ತಂದ್ರಿ?"

"ಎಷ್ಟಕ್ಕಂದ್ರ? ನೀ ಹೇಳಿದಷ್ಟಕ್ಕ. ಹನ್ನೊಂದು ಮುಕ್ಕಾಲು. ಭಾಳ ಆತಲ್ಲೋ ಅನಸ್ತು ನನಗ. ಮತ್ತ ಅಂದಕೊಂಡೆ, ರೇಸಿನ ಗಾಡಿ, ಆ ಹುಡಿಗಿಗೆ ಸೊಕ್ಕ್ ಇರಬೇಕು. ಮರಳಿ ಕೇಳಿದ್ನಲ್ಲ ನಿನಗ, ಹನ್ನೊಂದು ಮುಕ್ಕಾಲ ಹೌದಲ್ಲೋ ಅಂತ. 'ಹೋ ಹೋ' ಅಂದಿ, ದೊಡ್ಡ ಪುಣೇಕರನಂಗ." ಮಾವ ನಕ್ಕ. "ಯಾಕ, ಏನಾತು?"

ಬಸವಲಿಂಗನ ಬಾಯಿಗೆ ಬಂದದ್ದು ಬೇರೆ, ಹೊರಬಿದ್ದದ್ದು ಬೇರೆ. "ಏನಿಲ್ಲ. ಫಿನಿಶಿಂಗ್ ಭಾಳ ಚಂದ ಆಗ್ಯದ."

"ಆಗಬೇಕಲ್ಲ ಮತ್ತ," ಎಂದು ಮಾವ ಮತ್ತೆ ಬಗ್ಗಿದ. ಮಷಿನ್ನು ಗುಂಯ್ ಎನ್ನುತ್ತಲೇ ಇತ್ತು.

ಕೆರೆದ ಲೋಹವನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಆ ಗಾಡಿಯ ಇನ್ನೊಂದು ಹೆಡ್ಡಿಗಾಗಿ ಮುಂಬೈಗೆ, ಬೆಂಗಳೂರಿಗೆ, ಕೊಯಮತ್ತೂರಿಗೆ ಫೋನು ಮಾಡಿದ, ಎಲ್ಲಿಯೂ ಇಲ್ಲ. ಸಂದು ತುಂಬಲು ದಪ್ಪನೆಯ ಗ್ಯಾಸ್ಕೆಟ್ಟು ಹೊರದೇಶದಿಂದ ಬರಬೇಕು, ಒಂದು ತಿಂಗಳು. ಕೊಲ್ಹಾಪುರದ ಸ್ಪರ್ಧೆಗೆ ಉಳಿದದ್ದು ಹನ್ನೆರಡು ದಿನ. ಸ್ನೇಹಲ್‌ಗೆ ಹೇಳಿದರೆ, ತಪ್ಪು ಯಾರದು ಎನ್ನುತ್ತಾಳೆ. ಮಾವನದು ಎಂದರೆ ಮಾವ ಸ್ವಿಚ್ಚು ಆರಿಸುತ್ತಾನೆ. ನನ್ನದು ಎಂದರೆ, ಇಡೀ ಪುಣೆಗೆ ಕಂಪ್ರೆಶನ್ ಪಾಠ ಹೇಳುವ ಬಸವಲಿಂಗನಿಗೆ ಹತ್ತಕ್ಕೂ ಹನ್ನೊಂದಕ್ಕೂ ವ್ಯತ್ಯಾಸ ತಿಳಿಯಲಿಲ್ಲ ಎಂದಾಗುತ್ತದೆ. ಯಾವ ಕಡೆ ತಿರುಗಿದರೂ ಗೋಡೆ.

ಊಟಕ್ಕೆ ಕೂತಾಗ ಅವನ ಹೆಂಡತಿ ನಾಗವ್ವ ಮೂರನೇ ಸಲ ಕೇಳಿದಳು. "ರೊಟ್ಟಿ ಹಾಕಲೇನ್ರಿ? ಕೇಳಸವಲ್ದೇನು, ಅಪ್ಪನ ಕಿವಿ ನಿಮಗೂ ಬಂತೇನು?"

ಬಸವಲಿಂಗ ಬೆಚ್ಚಿದ. "ಅಪ್ಪಾರ ಕಿವಿಗೆ ಏನಾಗ್ಯದ?"

"ಏನೂ ಆಗಿಲ್ಲ ಅಂತಾನ ಅಂವ. ಮಷಿನ್ ಸಪ್ಪಳ ಅಂತಾನ. ಮನ್ಯಾಗ ಎಲ್ಲಿ ಮಷಿನ್ ಅದ?" ಎಂದು ರೊಟ್ಟಿ ಹಾಕಿ ಒಳಗೆ ಹೋದಳು.

ಅವನು ಹೇಳಲಿಲ್ಲ. ಇಂಜಿನ್ ಕಟ್ಟಿದ. ಊರಲ್ಲಿ ಸಿಕ್ಕಿದ್ದರಲ್ಲೇ ಚೂರು ದಪ್ಪನೆಯ ಗ್ಯಾಸ್ಕೆಟ್ಟು ಹಾಕಿದ್ದರಿಂದ ಹನ್ನೊಂದೂವರೆಗಿಂತ ತುಸು ಕೆಳಗೆ ಇಳಿಯಿತು. ಕಿಡಿ ಸ್ವಲ್ಪ ತಡವಾಗಿ ಬೀಳುವಂತೆ ಸೆಟ್ಟಿಂಗು ಮಾಡಿದ. ಮುಂಜಾನೆಯ ತಂಪಿನಲ್ಲಿ ಸ್ಟಾರ್ಟು ಮಾಡಿದರೆ ಇಂಜಿನ್ನು ಎಷ್ಟು ಇಂಪಾಗಿ ಮಾತಾಡಿತೆಂದರೆ ಪಕ್ಕದ ಪಂಕ್ಚರ್ ಅಂಗಡಿಯವನೂ ಎದ್ದು ಬಂದ. ಸ್ನೇಹಲ್ ಒಂದು ಸುತ್ತು ಹೊಡೆದು ಬಂದು, ಕಣ್ಣಲ್ಲಿ ನೀರು ತಂದುಕೊಂಡು, "ಕಾಕಾ, ಹತ್ತೂಮುಕ್ಕಾಲಿಗೇ ಹೀಗೆ ಓಡುತ್ತದಾ? ಹನ್ನೆರಡು ಕೇಳಿದ ನಾನು ಹುಚ್ಚಿ," ಎಂದಳು.

ಬಸವಲಿಂಗ ಕೈಯಲ್ಲಿದ್ದ ಬಟ್ಟೆಯಿಂದ ಆಗಲೇ ಒರೆಸಿದ್ದ ಸ್ಪ್ಯಾನರನ್ನು ಮತ್ತೆ ಒರೆಸಿದ.

"ಹತ್ತಿ ಕೂರಿ ಕಾಕಾ. ಸೋಮವಾರ ಸಂಜೆ, ಐದಕ್ಕೆ. ನಿಮ್ಮ ಪರೀಕ್ಷೆ."

"ನಾನು ಯಾಕೆ ಮ್ಯಾಡಂ, ನೀವೇ ಹೋಗಿ ಬನ್ನಿ."

"ಪರೀಕ್ಷೆ ಇಟ್ಟವರು ನೀವು. ಮಾರ್ಕು ಕೊಡೋರೂ ನೀವೇ."

ಸೋಮವಾರ ಅವಳು ಅವನನ್ನು ಪಕ್ಕದ ಸೀಟಿನಲ್ಲಿ ಕೂರಿಸಿದಳು. ರೇಸಿನ ಸೀಟು ಅದು, ಬಾವಿಯ ಹಾಗೆ ಆಳ. ಎರಡು ಹೆಗಲಿನಿಂದ ಎರಡು, ಸೊಂಟದಿಂದ ಎರಡು, ನಾಲ್ಕು ಪಟ್ಟಿ ಎಳೆದು ಎದೆಯ ಕೆಳಗೆ ಬಿಗಿದಳು. ಅವನ ಕೈ ಮೊಣಕಾಲಿನ ತನಕ ಮಾತ್ರ ಹೋಗುತ್ತಿತ್ತು. ಕಿಸೆಯ ಫೋನಿಗೂ ಮುಟ್ಟುತ್ತಿರಲಿಲ್ಲ. ಭಾರ ಇಳಿಸಲೆಂದು ಏಸಿಯನ್ನು ಕಿತ್ತು ಹಾಕಿದವನು ಅವನೇ.

ಬೈಪಾಸಿನಲ್ಲಿ ಗಾಳಿ ಇತ್ತು, ಏನೂ ಆಗಲಿಲ್ಲ. ಚಾಂದನಿ ಚೌಕ ದಾಟಿತು, ಬಾವಧನ ದಾಟಿತು. ಅವನು ಸ್ವಲ್ಪ ಉಸಿರು ಬಿಟ್ಟ. ಹಿಂಜವಾಡಿಯ ರಸ್ತೆಗೆ ತಿರುಗಿದ್ದೇ ತಡ, ಎಲ್ಲವೂ ನಿಂತುಬಿಟ್ಟಿತು. ಎಡಕ್ಕೆ ಕಂಪನಿಯ ಬಸ್ಸು, ಬಲಕ್ಕೆ ಕಂಪನಿಯ ಬಸ್ಸು, ಮುಂದೆ ಕ್ಯಾಬು, ಹಿಂದೆ ಟ್ಯಾಂಕರು. ಬಸ್ಸಿನ ಕಿಟಕಿಯಿಂದ ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡ ಮಂದಿ ಬಗ್ಗಿ ಕೆಂಪು ಗಾಡಿಯ ಫೋಟೋ ತೆಗೆದರು. ಹತ್ತು ಹೆಜ್ಜೆ ಮುಂದೆ, ಐದು ನಿಮಿಷ ನಿಲ್ಲುವುದು. ಕಾಲಿನ ಬಳಿಯ ತಗಡು ಕಾಯತೊಡಗಿತು. ಬೆವರು ಪಟ್ಟಿಗಳ ಅಡಿಯಲ್ಲಿ ಇಳಿಯಿತು. ಹನ್ನೆರಡು ಖೋಲಿಯ ಮಂದಿ ಒಂದೇ ಖೋಲಿಯಲ್ಲಿ ಎಂದು ಎಷ್ಟು ಜನರಿಗೆ ಹೇಳಿದ್ದನೋ. ಒಳಗೆ ಕೂತವನಿಗೆ ಹೇಗಿರುತ್ತದೆಂದು ಅವನಿಗೆ ಇಂದು ತಿಳಿಯಿತು.

ಬಿಸಿ ತೋರಿಸುವ ಮೀಟರಿನ ಮುಳ್ಳು ಮೇಲೇರುತ್ತಿತ್ತು. ಅವನ ಕಣ್ಣು ಮುಳ್ಳಿನ ಮೇಲೆ, ಕಿವಿ ಇಂಜಿನ್ನಿನೊಳಗೆ.

"ಯಾಕೆ ಕಾಕಾ, ಮಾತೇ ಇಲ್ಲ? ನೀವು ಸುಮ್ಮನಿದ್ದರೆ ನನಗೆ ಭಯ ಆಗುತ್ತದೆ," ಎಂದಳು ಸ್ನೇಹಲ್.

ಅಷ್ಟರಲ್ಲಿ ಮುಂದಿನ ಕ್ಯಾಬು ಬದಿಗೆ ಸರಿಯಿತು. ಮುಂದೆ ಸಣ್ಣ ಏರು, ನೂರು ಹೆಜ್ಜೆಯಷ್ಟು ಖಾಲಿ ರಸ್ತೆ. ಸ್ನೇಹಲ್ ಬೇಗನೆ ಮೂರನೇ ಗೇರಿಗೆ ಹಾಕಿ ಕಾಲು ಒತ್ತಿದಳು.

ಡಬ್ಬಿಯಲ್ಲಿ ಹರಳು ಅಲ್ಲಾಡಿತು.

ಬಸ್ಸುಗಳ ಹಾರ್ನಿನಲ್ಲಿ ಅವಳಿಗೆ ಅದು ಕೇಳಿಸಲಿಲ್ಲ. ಇನ್ನಷ್ಟು ಒತ್ತಿದಳು. ಕಟಕಟಕಟ ಎಂದಿತು.

"ಬ್ಯಾಡ್ರಿ ಯವ್ವಾ, ಕಾಲ ತಗೀರಿ, ಕಾಲ ತಗೀರಿ," ಎಂದು ಕೂಗಿದ ಬಸವಲಿಂಗ. ಅಚ್ಚ ಕನ್ನಡದಲ್ಲಿ. ಅವಳಿಗೆ ಒಂದು ಅಕ್ಷರವೂ ಗೊತ್ತಿರಲಿಲ್ಲ. ಆದರೂ ಕಾಲು ತೆಗೆದಳು. ಗಾಡಿ ಏರಿನ ಮೇಲೆ ನಿಂತಿತು. ಎರಡೂ ಬದಿಗೆ ಬಸ್ಸುಗಳು, ಮುಂದೆ ಇನ್ನೊಂದು ಕ್ಯಾಬು ಬಂದು ಮತ್ತೆ ಮುಚ್ಚಿಕೊಂಡವು.

"ಏನಾಯಿತು?"

"ಇಂಜಿನ್ ಆರಿಸಿ."

ಆರಿಸಿದಳು. ಹಿಂದಿನ ಟ್ಯಾಂಕರಿನವನು ಹಾರ್ನು ಒತ್ತಿ ಹಿಡಿದ. ಬಸವಲಿಂಗನ ನಾಲಿಗೆಯ ತುದಿಗೆ ಒಂದು ಮಾತು ಬಂದು ನಿಂತಿತ್ತು: ನಮ್ಮ ಮಾವನಿಗೆ ವಯಸ್ಸಾಯಿತು, ಕಿವಿ ಕೇಳಿಸುವುದಿಲ್ಲ. ಸುಳ್ಳೂ ಅಲ್ಲ. ಆ ಮಾತು ಹೇಳಿದರೆ ಈ ಪಟ್ಟಿಗಳು ಅರ್ಧ ಸಡಿಲವಾಗುತ್ತವೆ. ಆದರೆ ಆ ಎರಡನೇ 'ಹೋ' ಅವನ ಕಿವಿಯಲ್ಲಿ ಇನ್ನೂ ಇತ್ತು. ಮರಳಿ ಕೇಳಿದವನು ಮಾವ. ಕೇಳಿಸಿಕೊಳ್ಳದವನು ಯಾರು?

"ಅದು ಹತ್ತೂಮುಕ್ಕಾಲು ಅಲ್ಲ ಮ್ಯಾಡಂ," ಎಂದ. "ಹನ್ನೊಂದೂವರೆಯ ಹತ್ತಿರ ಇದೆ. ಮಾವ ಹನ್ನೊಂದೂಮುಕ್ಕಾಲಾ ಅಂತ ಕೇಳಿದರು. ನಾನು ಕೇಳಿಸಿಕೊಳ್ಳದೆ ಹೋ ಅಂದೆ. ಹೆಡ್ಡು ಬಂದ ದಿನವೇ ಗೊತ್ತಾಯಿತು. ಹೇಳಲಿಲ್ಲ. ಮುಚ್ಚಿ ಕಟ್ಟಿದೆ."

ಸ್ನೇಹಲ್ ಮುಂದಿನ ಕ್ಯಾಬಿನ ಹಿಂಭಾಗವನ್ನೇ ನೋಡಿದಳು. ಅವನಿಗೆ ಇಳಿದು ಹೋಗಬೇಕೆನಿಸಿತು. ಇಳಿಯಲು ಪಟ್ಟಿ ಬಿಚ್ಚಬೇಕು, ಪಟ್ಟಿಯ ಕೀಲು ಹೇಗೆ ಬಿಚ್ಚುತ್ತದೋ ಅವನಿಗೆ ಗೊತ್ತಿರಲಿಲ್ಲ, ಬಾಗಿಲು ತೆರೆದರೂ ಬಸ್ಸಿಗೆ ಬಡಿಯುತ್ತಿತ್ತು.

"ಆ ದಿನ ಅಳುತ್ತಿದ್ದೆ ನಾನು, ನಿಮ್ಮ ಗ್ಯಾರೇಜಿನಲ್ಲಿ," ಎಂದಳು. "ಆಗಲೂ ಹೇಳಲಿಲ್ಲ."

"ಇಲ್ಲ."

"ಇನ್ನೂ ನಾಲ್ಕು ದಿನ ಹೀಗೇ ಓಡಿಸಿದ್ದರೆ?"

"ಪಿಸ್ಟನ್ನು ತೂತು. ಕೊಲ್ಹಾಪುರಕ್ಕೆ ಹೋಗುವ ಮೊದಲೇ."

"ಈಗ ದಾರಿ?"

"ಎಲ್ಲಾ ಬಿಚ್ಚಬೇಕು. ಪಿಸ್ಟನ್ನಿನ ನೆತ್ತಿಯನ್ನು ಕೆರೆದು ತಗ್ಗು ಮಾಡಿದರೆ ಮೇಲೆ ಹೋದ ಜಾಗ ಕೆಳಗೆ ಸಿಗುತ್ತದೆ. ಹದಿನೈದು ದಿನ. ಈ ಸಲದ ಕೊಲ್ಹಾಪುರ ಸಿಗುವುದಿಲ್ಲ."

ಅವಳು ಎರಡೂ ಕೈಯಿಂದ ಮುಖ ಒರೆಸಿಕೊಂಡಳು. "ಯಾರು ಕೆರೆಯೋದು?"

"ಆ ಲೇಥು ಇರುವುದು ಮಾವನ ಹತ್ತಿರ. ಆದರೆ ಹೆಡ್ಡು ತಪ್ಪಾಗಿತ್ತು ಅಂತ ಗೊತ್ತಾದರೆ ಅವರು ಮಷಿನ್ನು ಆರಿಸಿ ಊರಿಗೆ ಹೋಗುತ್ತಾರೆ."

"ಅವರಿಗೂ ಹೇಳಿಲ್ಲವಾ?" ಎಂದು ಅವಳು ಮೊದಲ ಸಲ ಅವನ ಕಡೆ ತಿರುಗಿದಳು. "ಕಾಕಾ, ನೀವು ಎಷ್ಟು ಜನರಿಗೆ ಹೇಳದೆ ಕೂತಿದ್ದೀರಿ? ನಂಬರು ಹೇಳಿ."

"ಈಗಲೇ ಯಾಕೆ?"

"ಈಗ ನೀವು ಎಲ್ಲಿಗೂ ಓಡಿಹೋಗೋದಿಲ್ಲ. ನಂಬರು."

ಹೇಳಿದ. ಅವಳ ಫೋನಿನ ಸ್ಪೀಕರಿನಲ್ಲಿ ಗಂಟೆ ಬಾರಿಸಿತು, ಆಮೇಲೆ ಮಷಿನ್ನಿನ ಗುಂಯ್ ಸದ್ದು ಗಾಡಿಯೊಳಗೆ ತುಂಬಿತು.

"ಹಲೋ? ಕೋಣ?" ಎಂದು ಮರಾಠಿಯಲ್ಲಿ ಯಾರೆಂದು ಕೇಳಿದ ಸಿದ್ರಾಮಪ್ಪ.

ಬಸವಲಿಂಗ ಸ್ನೇಹಲ್ ಕಡೆ ನೋಡಿದ. ಕನ್ನಡದಲ್ಲೇ ಮಾತಾಡಿದ. "ಮಾವಾ, ನಾನ್ರಿ, ಬಸು. ಆ ಕೆಂಪು ಗಾಡಿ ಹೆಡ್ ತಪ್ಪಾಗ್ಯದ. ನಾ ಹೇಳಿದ್ದು ಪಾವಣೆ ಅಕರಾ, ನೀವು ಕೇಳಿದ್ದು ಹನ್ನೊಂದು ಮುಕ್ಕಾಲು. ನೀವು ಮರಳಿ ಕೇಳಿದ್ರಿ. ನಾ ಲಕ್ಷ್ಯ ಇಲ್ಲದ ಹೋ ಅಂದೆ. ತಪ್ಪು ನಂದು. ಪಿಸ್ಟನ್ ಕೆರದು ಹತ್ತೂಮುಕ್ಕಾಲಕ್ಕ ಇಳಸಬೇಕು, ನೀವ ಮಾಡಬೇಕು."

ಆ ಕಡೆ ಗುಂಯ್ ಸದ್ದು ಇತ್ತು. ಆಮೇಲೆ ಚಪ್ಪಲಿಯ ಸಪ್ಪಳ, ಖಟ್ ಎಂದು ಒಂದು ಸದ್ದು. ಗುಂಯ್ ಎನ್ನುವುದು ಇಳಿಯಿತು, ಇನ್ನೂ ಇಳಿಯಿತು, ನಿಂತೇ ಹೋಯಿತು. ಬಸವಲಿಂಗ ಕಣ್ಣು ಮುಚ್ಚಿದ. ಇಪ್ಪತ್ತೆಂಟು ವರ್ಷದಲ್ಲಿ ಆ ಶೆಡ್ಡು ಹಗಲು ಹೊತ್ತಿನಲ್ಲಿ ಇಷ್ಟು ಸುಮ್ಮನಿದ್ದದ್ದನ್ನು ಅವನು ಕೇಳಿರಲಿಲ್ಲ.

"ಮಾವಾ?"

"ತಡಿ," ಎಂದ ಸಿದ್ರಾಮಪ್ಪ. ದನಿ ಬಲು ಹತ್ತಿರ ಬಂದಂತಿತ್ತು. "ಮಷಿನ್ ಆರಿಸೀನಿ. ಸಪ್ಪಳದಾಗ ನನಗ ಇತ್ತಿತ್ಲಾಗ ಕೇಳಸವಲ್ದು. ಮೊದಲಿಂದ ಹೇಳು. ಎಷ್ಟಕ್ಕ ಅಂದಿ?"

"ಹತ್ತೂಮುಕ್ಕಾಲಕ್ಕ."

"ಹತ್ತು. ಅದರ ಮ್ಯಾಲ ಮುಕ್ಕಾಲು. ಹೌದೋ ಅಲ್ಲೋ?"

ಬಸವಲಿಂಗನ ಬಾಯಿಗೆ 'ಹೋ' ಬಂತು. ನುಂಗಿದ.

"ಹತ್ತು, ಅದರ ಮ್ಯಾಲ ಮುಕ್ಕಾಲು," ಎಂದ.

ಹಿಂದಿನ ಟ್ಯಾಂಕರಿನವನು ಹಾರ್ನು ಬಿಟ್ಟು ಬೈಯಲು ಶುರು ಮಾಡಿದ್ದ. ಮುಂದಿನ ಕ್ಯಾಬು ಅಲ್ಲಾಡಲಿಲ್ಲ. ಸ್ನೇಹಲ್ ಕೈ ಚಾಚಿ ಅವನ ಎದೆಯ ಕೆಳಗಿನ ಕೀಲನ್ನು ಒತ್ತಿದಳು. ನಾಲ್ಕೂ ಪಟ್ಟಿಗಳು ಒಮ್ಮೆಗೇ ಬಿಚ್ಚಿ ಬಿದ್ದವು. ಇಳಿಯಲು ಜಾಗವಿರಲಿಲ್ಲ. ಇಬ್ಬರೂ ಇಂಜಿನ್ ತಣ್ಣಗಾಗಲಿ ಎಂದು ಕಾಯುತ್ತ, ಬಸ್ಸುಗಳ ನಡುವೆ, ಹಾಗೆಯೇ ಕೂತರು.